ವೀಸಾ ಇದ್ದ ಪಾಸ್‌ಪೋರ್ಟ್ ಕಳೆದುಹೋದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಗಾಂಧಿ ಬಜಾರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅಮ್ಮನ ಹಳೆ ಪಾಸ್‌ಪೋರ್ಟ್ ಬಿಟ್ಟು ಬಂದಿದ್ದೆ. ಅದು ಗೊತ್ತಾಗಿದ್ದು ಮಾರನೇ ದಿನ ಬೆಳಿಗ್ಗೆ. ಹಳೆಯದು, ಹೊಸದು ಎರಡನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಿದ್ದೆವು. ಕವರ್ ತೆಗೆದು ನೋಡಿದರೆ ಒಂದೇ ಇದೆ, ರಬ್ಬರ್ ಬ್ಯಾಂಡ್ ಸಡಿಲವಾಗಿ ಜೋತು ಬಿದ್ದಿದೆ. ಹೋದದ್ದು ಅವಧಿ ಮುಗಿದು ರದ್ದು ಸೀಲ್ ಬಿದ್ದಿದ್ದ ಪುಸ್ತಕ. “ಹಳೇದು ತಾನೇ, ಹೋದ್ರೆ ಹೋಗ್ಲಿ ಬಿಡಿ” ಅಂದರು ಪಕ್ಕದ ಮನೆಯವರು. ಆದರೆ ಅಮ್ಮನ 10 ವರ್ಷದ, ಇನ್ನೂ ಚಾಲ್ತಿಯಲ್ಲಿದ್ದ ಅಮೆರಿಕ ವೀಸಾ ಇದ್ದದ್ದು ಅದರೊಳಗೇ. ತಂಗಿಯ ಬಾಣಂತನಕ್ಕೆ ಅಮ್ಮ ಹೊರಡಲು ಐದು ವಾರ ಬಾಕಿ ಇತ್ತು.

ಆಮೇಲೆ ನಾನು ಓಡಾಡಿ, ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಪಾಸ್‌ಪೋರ್ಟ್ ಈಗಷ್ಟೇ ಕಳೆದಿದ್ದರೆ ಮೊದಲು ಕೂತು ಒಂದು ಲೋಟ ನೀರು ಕುಡಿಯಿರಿ. ಹುಡುಕಾಟ ಬಿಟ್ಟರೆ ಮಾಡಬೇಕಾದ ಕೆಲಸ ನಾಲ್ಕೇ: ಪೊಲೀಸ್ ವರದಿ, ವೀಸಾ ಕೊಟ್ಟ ದೇಶಕ್ಕೆ ತಿಳಿಸುವುದು, ಹೊಸ ಪಾಸ್‌ಪೋರ್ಟ್, ಮತ್ತೆ ವೀಸಾ. ಆದರೆ ಅವುಗಳನ್ನು ಹಿಂದೆ ಮುಂದೆ ಮಾಡಿಕೊಂಡರೆ ದುಡ್ಡೂ ಹೋಗುತ್ತದೆ, ತಿಂಗಳುಗಳೂ ಹೋಗುತ್ತವೆ.

ಮೊದಲು ತಿಳಿಯಬೇಕಾದದ್ದು: ನಿಮ್ಮದು ಸ್ಟಿಕ್ಕರ್ ವೀಸಾನಾ, ಕಂಪ್ಯೂಟರಿನಲ್ಲಿರುವ ವೀಸಾನಾ?

ಎಲ್ಲ ವೀಸಾನೂ ಒಂದೇ ಥರ ಅಲ್ಲ. ಅಮೆರಿಕ, ಕೆನಡಾ ಮತ್ತು ಯುರೋಪಿನ ಷೆಂಗೆನ್ ದೇಶಗಳ ವೀಸಾ ಪಾಸ್‌ಪೋರ್ಟಿನ ಹಾಳೆಗೆ ಅಂಟಿಸಿದ ಸ್ಟಿಕ್ಕರ್. ಪುಸ್ತಕ ಹೋಯಿತು ಅಂದರೆ ವೀಸಾನೂ ಹೋಯಿತು. ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ವೀಸಾ ತಾನಾಗೇ ಅದರೊಳಗೆ ಬರುವುದಿಲ್ಲ. ಪಾಸ್‌ಪೋರ್ಟ್ ಕೊಡುವುದು ಭಾರತ ಸರ್ಕಾರ, ವೀಸಾ ಕೊಡುವುದು ಆ ದೇಶ. ಕೇಳಿದರೆ ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೂ ಗಾಬರಿಯಲ್ಲಿ ಜಾಸ್ತಿ ಜನ ತಪ್ಪುವುದು ಇಲ್ಲೇ.

ಆಸ್ಟ್ರೇಲಿಯಾದ ವೀಸಾ ಹಾಗಲ್ಲ. ಅದು ಅವರ ಕಂಪ್ಯೂಟರಿನಲ್ಲಿ ನಿಮ್ಮ ಪಾಸ್‌ಪೋರ್ಟ್ ನಂಬರಿಗೆ ಜೋಡಿಸಿ ಇಟ್ಟಿರುವ ದಾಖಲೆ. ಪುಸ್ತಕ ಕಳೆದರೂ ವೀಸಾ ಇರುತ್ತದೆ. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಅವರ ವೀಸಾ ವೆಬ್‌ಸೈಟಿನ ಖಾತೆಯಾದ ಇಮ್ಮಿಅಕೌಂಟ್‌ನಲ್ಲಿ ಹೊಸ ನಂಬರ್ ಸೇರಿಸಬೇಕು, ಇಲ್ಲವೇ ಫಾರ್ಮ್ 929 ತುಂಬಿ ಕಳಿಸಬೇಕು. ಬ್ರಿಟನ್ ಕೂಡ ಈ ದಾರಿಗೆ ಬಂದಿದೆ. ಅಲ್ಲಿ ವಾಸಕ್ಕೆ ಕೊಡುತ್ತಿದ್ದ ಬಿಆರ್‌ಪಿ ಕಾರ್ಡುಗಳು 2024ರ ಡಿಸೆಂಬರ್ 31ಕ್ಕೆ ಮುಗಿದು, ಅವುಗಳ ಜಾಗಕ್ಕೆ ಇ-ವೀಸಾ ಬಂತು. ನಿಮ್ಮದು ಇ-ವೀಸಾ ಆಗಿದ್ದರೆ ಬ್ರಿಟನ್ ವೀಸಾ ಇಲಾಖೆಯ ಆನ್‌ಲೈನ್ ಖಾತೆಯಲ್ಲಿ (ಯುಕೆವಿಐ) ಹೊಸ ಪಾಸ್‌ಪೋರ್ಟಿನ ವಿವರ ಹಾಕಿದರೆ ಆಯಿತು. ಆದರೆ ಅದನ್ನು ಹಾಕದೆ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಚೆಕ್-ಇನ್ ಕೌಂಟರಿನವರು ನೋಡುವುದು ನಿಮ್ಮ ಕೈಯಲ್ಲಿರುವ ಪುಸ್ತಕದ ನಂಬರ್. ಅದಕ್ಕೆ ವೀಸಾ ಕಾಣಿಸಲಿಲ್ಲ ಅಂದರೆ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ.

ದುಬೈ, ಸಿಂಗಪುರಕ್ಕೆ ಕಾಗದದ ಮೇಲೆ ಪ್ರಿಂಟ್ ತೆಗೆದುಕೊಂಡು ಹೋಗುವ ವೀಸಾದಲ್ಲೂ ಹಳೆ ನಂಬರೇ ಇರುತ್ತದೆ. ಪ್ರಿಂಟ್ ಕಳೆದರೆ ಚಿಂತೆ ಇಲ್ಲ, ಇನ್ನೊಂದು ತೆಗೆಯಬಹುದು. ಆದರೆ ಪಾಸ್‌ಪೋರ್ಟ್ ಬದಲಾದರೆ ಯಾರ ಮೂಲಕ ವೀಸಾ ತೆಗೆಸಿದ್ದಿರೋ ಅವರನ್ನು ಮೊದಲು ಕೇಳಿ, ಆಮೇಲೆ ಹೊರಡಿ.

ಒಂದು ದಿನ ಜೀವ ಬಿಟ್ಟು ಹುಡುಕಿ

ಕಳ್ಳತನ ಆಗಿದೆ ಅಂತ ಖಚಿತವಾಗಿ ಗೊತ್ತಿದ್ದರೆ, ಅಂದರೆ ಬ್ಯಾಗ್ ಕಿತ್ತುಕೊಂಡು ಹೋಗಿದ್ದರೆ ಅಥವಾ ಕಾರಿನ ಗಾಜು ಒಡೆದು ತೆಗೆದಿದ್ದರೆ, ಹುಡುಕುತ್ತಾ ಕೂರಬೇಡಿ. ನೇರ ಠಾಣೆಗೆ ಹೋಗಿ. ಎಲ್ಲೋ ಬಿಟ್ಟಿದ್ದೇನೆ ಅನ್ನುವ ಅನುಮಾನ ಇದ್ದರೆ ಮಾತ್ರ ಒಂದು ಪೂರ್ತಿ ದಿನ ಹುಡುಕಿ.

ಯಾಕೆ ಅಂದರೆ, ಕಳೆದಿದೆ ಅಂತ ಒಮ್ಮೆ ತಿಳಿಸಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಅಮೆರಿಕದ ನಿಯಮ ಸ್ಪಷ್ಟವಾಗಿದೆ. ವೀಸಾ ಕಳೆದಿದೆ ಅಂತ ಕಾನ್ಸುಲೇಟಿಗೆ ವರದಿ ಮಾಡಿದ ಮೇಲೆ ಅದು ಸಿಕ್ಕರೂ ಪ್ರಯಾಣಕ್ಕೆ ನಡೆಯುವುದಿಲ್ಲ. ಪಾಸ್‌ಪೋರ್ಟಿಗೂ ಇದೇ ಮಾತು. ಕಳೆದ, ಕಳುವಾದ ಪ್ರಯಾಣ ದಾಖಲೆಗಳಿಗಾಗಿಯೇ ಇಂಟರ್‌ಪೋಲ್ 2002ರಿಂದ ಒಂದು ದೊಡ್ಡ ಪಟ್ಟಿ ಇಟ್ಟಿದೆ. ದೇಶ ದೇಶಗಳ ಇಮಿಗ್ರೇಷನ್ ಕೌಂಟರುಗಳಲ್ಲಿ ಆ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ಸಿಕ್ಕಿತಲ್ಲ ಅಂತ ಹಳೆ ಪುಸ್ತಕ ಹಿಡಿದು ಹೊರಟರೆ ಬೇರೆ ದೇಶದ ವಿಮಾನ ನಿಲ್ದಾಣದಲ್ಲಿ ಕೂರಿಸಿ ವಿಚಾರಣೆ ಮಾಡುತ್ತಾರೆ.

ಎಲ್ಲಿ ಹುಡುಕಬೇಕು? ಜೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ, ಟ್ರಾವೆಲ್ ಏಜೆಂಟರ ಮೇಜು, ವೀಸಾ ಅರ್ಜಿ ಕೇಂದ್ರ, ಬ್ಯಾಂಕ್, ಫಾರೆಕ್ಸ್ ಅಂಗಡಿ, ಸಿಮ್ ಕಾರ್ಡ್ ಅಂಗಡಿ. ಕೊನೆಯ ಬಾರಿ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ. ಫೋನಿನ ಫೋಟೊ ಗ್ಯಾಲರಿ, ಯುಪಿಐ ಲೆಕ್ಕ ಎರಡನ್ನೂ ತೆರೆದು ನೋಡಿ. ಯಾವ ಅಂಗಡಿಗೆ ಎಷ್ಟು ಗಂಟೆಗೆ ಹಣ ಕೊಟ್ಟಿದ್ದೀರಿ ಅನ್ನುವುದು ಅಲ್ಲೇ ಸಿಗುತ್ತದೆ. ಕ್ಯಾಬ್‌ನಲ್ಲಿ ಬಿಟ್ಟಿರಬಹುದು ಅನಿಸಿದರೆ ಆ್ಯಪ್‌ನಲ್ಲಿ ಆ ಟ್ರಿಪ್ ತೆರೆದು ಚಾಲಕರಿಗೆ ಫೋನ್ ಮಾಡಿ. ವಿಮಾನ ನಿಲ್ದಾಣದ ವಾಯು ವಜ್ರ ಬಸ್ಸಿನಲ್ಲಿ ಬಿಟ್ಟಿದ್ದರೆ ಟಿಕೆಟ್ ಬಿಸಾಡಬೇಡಿ, ಬಸ್ ಹುಡುಕಲು ಅದೇ ಆಧಾರ. ಮನೆ ಬದಲಾಯಿಸಿದ್ದರೆ ಅಟ್ಟದ ಮೇಲಿನ ಪೆಟ್ಟಿಗೆಗಳು, ಹಳೆ ಸೂಟ್‌ಕೇಸಿನ ಒಳ ಜಿಪ್, ದೇವರ ಮನೆಯ ಡ್ರಾಯರ್ ಎಲ್ಲ ನೋಡಿ. ಮುಖ್ಯವಾದ ಕಾಗದ ಅಂತ ಮನೆಯ ಹಿರಿಯರು ದೇವರ ಮುಂದೆ ಇಟ್ಟಿರುತ್ತಾರೆ.

ನಾನು ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಮೆಷಿನ್ನಿನ ಮುಚ್ಚಳ ಎತ್ತಿ ತೋರಿಸಿದ. ಗಾಜಿನ ಮೇಲೆ ಏನೂ ಇರಲಿಲ್ಲ. ಟೇಬಲ್ ಕೆಳಗೆ, ಕಸದ ಬುಟ್ಟಿಯಲ್ಲಿ ನೋಡಿದ. ಇಲ್ಲ ಅಂದ, ಬಂದುಬಿಟ್ಟೆ. ಮೂರನೇ ದಿನ ಠಾಣೆಗೂ ಕಾನ್ಸುಲೇಟಿಗೂ ತಿಳಿಸಿದೆ. ಒಂಬತ್ತನೇ ದಿನ ಅಂಗಡಿಯಿಂದ ಫೋನ್ ಬಂತು. ರಿಪೇರಿಗೆ ಬಂದವರು ಮೆಷಿನ್ ಎಳೆದಾಗ ಹಿಂದೆ ಗೋಡೆಗೆ ಒರಗಿಕೊಂಡು ನಿಂತಿತ್ತಂತೆ. ಮುಚ್ಚಳ ಎತ್ತಿದಾಗ ಆ ಕಡೆ ಜಾರಿರಬೇಕು. ಮನೆಗೆ ತಂದು ವೀಸಾ ಹಾಳೆ ತೆರೆದು ನೋಡಿದೆ. ಒಂದು ಮಡಿಕೆ ಇಲ್ಲ, ಒಂದು ಕಲೆ ಇಲ್ಲ. ಅಮ್ಮನ ಫೋಟೊ, ಹೆಸರು, ಇನ್ನೂ ಆರು ವರ್ಷದ ಅವಧಿ ಎಲ್ಲ ಹಾಗೇ ಇತ್ತು. ಉಪಯೋಗ ಮಾತ್ರ ಇರಲಿಲ್ಲ.

ವರದಿ ಮಾಡಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ. ಪುಸ್ತಕ ಯಾರ ಕೈಯಲ್ಲಿದೆ ಅಂತ ಗೊತ್ತಿಲ್ಲದೆ ಸುಮ್ನೆ ಕೂರುವುದು ಸರಿಯಲ್ಲ. ಮೊದಲನೇ ದಿನವೇ “ಸ್ವಲ್ಪ ಮೆಷಿನ್ ಎಳೀತೀರಾ” ಅಂತ ಕೇಳಲಿಲ್ಲವಲ್ಲ, ಅದೇ ನೋವು. ನೀವು ಕೇಳಿ. ಮೆಷಿನ್ ಎಳೆಸಿ, ಸೋಫಾ ಎತ್ತಿಸಿ, ಕಾರಿನ ಸೀಟ್ ಹಿಂದಕ್ಕೆ ತಳ್ಳಿ ನೋಡಿ. ಸಂಕೋಚ ಬೇಡ.

ಠಾಣೆಯಲ್ಲಿ

ಹುಡುಕಿದರೂ ಸಿಗಲಿಲ್ಲ ಅಂದರೆ ಪೊಲೀಸ್ ವರದಿ ಮಾಡಿಸಿ. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಅದನ್ನೇ. ಪಾಸ್‌ಪೋರ್ಟ್ ಕಚೇರಿಯೂ ಕೇಳುತ್ತದೆ, ದೂತಾವಾಸವೂ ಕೇಳುತ್ತದೆ, ಟ್ರಾವೆಲ್ ಇನ್ಶೂರೆನ್ಸ್ ಇದ್ದರೆ ಅವರೂ ಕೇಳುತ್ತಾರೆ.

ಕಳೆದುಹೋಗಿದ್ದಕ್ಕೂ ಕಳುವಾಗಿದ್ದಕ್ಕೂ ವ್ಯತ್ಯಾಸ ಇದೆ. ಬರೀ ಕಳೆದುಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಫೋನಿನಿಂದಲೇ ವರದಿ ದಾಖಲಿಸಬಹುದು. ಕಳ್ಳತನಕ್ಕೆ ಅದು ನಡೆಯುವುದಿಲ್ಲ, ಎಫ್‌ಐಆರ್ ಆಗಬೇಕು. ನನ್ನ ಅನಿಸಿಕೆ ಕೇಳಿದರೆ, ಸ್ಟಿಕ್ಕರ್ ವೀಸಾ ಇದ್ದ ಪುಸ್ತಕ ಹೋಗಿದ್ದರೆ ಇ-ಲಾಸ್ಟ್ ಮಾಡಿಸಿದ ಮೇಲೂ ಒಮ್ಮೆ ಠಾಣೆಗೆ ಹೋಗಿ, ಸಹಿ ಸೀಲ್ ಇರುವ ಪ್ರತಿ ತೆಗೆದುಕೊಳ್ಳಿ. ವಿದೇಶಿ ಕಚೇರಿಗಳ ಮುಂದೆ ಇಟ್ಟಾಗ ಸೀಲ್ ಇರುವ ಕಾಗದಕ್ಕೆ ಪ್ರಶ್ನೆ ಕಡಿಮೆ.

“ಅದು ನಮ್ಮ ಲಿಮಿಟ್ಸ್ ಅಲ್ಲ, ಆ ಠಾಣೆಗೆ ಹೋಗಿ” ಅನ್ನುವ ಮಾತು ಕೇಳಿ ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕಳ್ಳತನದಂಥ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಮೆಜೆಸ್ಟಿಕ್‌ನಲ್ಲಿ ಕಳುವಾಗಿದ್ದರೂ ನಿಮ್ಮ ಮನೆ ಹತ್ತಿರದ ಠಾಣೆಯವರು ತೆಗೆದುಕೊಳ್ಳಬೇಕು. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ, ಅದು ನಿಮ್ಮ ಹಕ್ಕು. ಈ ಕಲಂ ಹೆಸರನ್ನು ಜೋರು ದನಿಯಲ್ಲಿ ಹೇಳಬೇಕಾಗಿಲ್ಲ. “ಸರ್, ಯಾವ ಠಾಣೆಯಲ್ಲಾದರೂ ಕೊಡಬಹುದು ಅಂತ ಹೊಸ ಕಾನೂನಿನಲ್ಲಿ ಇದೆಯಂತೆ, ದಯವಿಟ್ಟು ತಗೊಳ್ಳಿ” ಅಂತ ಕೇಳಿದರೆ ಸಾಕು.

ದೂರಿನಲ್ಲಿ ಏನು ಬರೆಸುತ್ತೀರಿ ಅನ್ನುವುದು ಬಹಳ ಮುಖ್ಯ. ಪಾಸ್‌ಪೋರ್ಟ್ ನಂಬರ್ ಒಂದೇ ಸಾಲದು. “ಈ ಪಾಸ್‌ಪೋರ್ಟಿನಲ್ಲಿ ಇಂಥ ದೇಶದ, ಇಂಥ ದಿನಾಂಕದವರೆಗೆ ಚಾಲ್ತಿಯಲ್ಲಿರುವ ವೀಸಾ ಇತ್ತು, ಅದರ ನಂಬರ್ ಇದು” ಅಂತ ಒಂದು ಸಾಲು ಬರೆಸಿ. ಅಮೆರಿಕ ವೀಸಾದಲ್ಲಿ ಕೆಳಗೆ ಬಲಗಡೆ ಕೆಂಪು ಬಣ್ಣದಲ್ಲಿರುವುದೇ ವೀಸಾ ನಂಬರ್. ಎರಡು ಪಾಸ್‌ಪೋರ್ಟ್ ಇದ್ದು ಒಂದು ಮಾತ್ರ ಹೋಗಿದ್ದರೆ ಯಾವುದು ಹೋಗಿದೆ, ಯಾವುದು ಕೈಯಲ್ಲಿದೆ ಅಂತ ಎರಡನ್ನೂ ಬರೆಸಿ. ಚಾಲ್ತಿಯಲ್ಲಿರುವ ನಂಬರ್ ಕೈತಪ್ಪಿ “ಕಳೆದದ್ದು” ಅಂತ ದಾಖಲಾದರೆ ಇರುವ ಒಳ್ಳೆಯ ಪುಸ್ತಕವೂ ಕೆಟ್ಟು ಕೂರುತ್ತದೆ. ಸಹಿ ಹಾಕುವ ಮುಂಚೆ ನಂಬರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಕೈಬರಹದ ದೂರಿನಲ್ಲಿ 1 ಮತ್ತು 7 ಒಂದೇ ಥರ ಕಾಣುತ್ತವೆ.

ಇಂಗ್ಲಿಷಿನಲ್ಲಿ ದೂರು ಕೊಟ್ಟರೆ ಮುಂದೆ ಅನುವಾದದ ಕೆಲಸ ತಪ್ಪುತ್ತದೆ. ಕನ್ನಡದಲ್ಲೇ ಬರೆದರೂ ತೊಂದರೆ ಇಲ್ಲ, ಆದರೆ ದೂತಾವಾಸಕ್ಕೆ ಕಳಿಸುವಾಗ ಇಂಗ್ಲಿಷ್ ಅನುವಾದ ಜೊತೆಗಿರಲಿ.

ವೀಸಾ ಕೊಟ್ಟ ದೇಶಕ್ಕೆ ತಿಳಿಸುವುದು

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪಾಸ್‌ಪೋರ್ಟ್ ಹೊಸದು ಬಂದ ಮೇಲೆ ನೋಡೋಣ ಅನ್ನುತ್ತಾರೆ. ಹಾಗೆ ಮಾಡಬೇಡಿ. ನಿಮ್ಮ ವೀಸಾ ಬೇರೆಯವರ ಕೈಗೆ ಸಿಕ್ಕು ದುರುಪಯೋಗ ಆದರೆ, “ನಾನು ಇಂಥ ದಿನವೇ ತಿಳಿಸಿದ್ದೆ” ಅನ್ನುವ ಇ-ಮೇಲ್ ನಿಮ್ಮನ್ನು ಕಾಯುತ್ತದೆ.

ವೀಸಾ ಕೊಟ್ಟ ಕಚೇರಿಗೇ ಬರೆಯಬೇಕು. ಬೆಂಗಳೂರಿನವರಲ್ಲಿ ತುಂಬಾ ಜನರ ಅಮೆರಿಕ ವೀಸಾ ಚೆನ್ನೈನದು, ಕೆಲವರದು ಹೈದರಾಬಾದಿನದು. ಸ್ಟಿಕ್ಕರಿನ ಮೇಲೆ ಊರಿನ ಹೆಸರು ಇರುತ್ತದೆ, ನಿಮ್ಮ ಜೆರಾಕ್ಸ್ ಪ್ರತಿಯಲ್ಲಿ ನೋಡಿ. ಬೆಂಗಳೂರಿನಲ್ಲೇ ಅಮೆರಿಕ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಆದರೆ ಶುರುವಿನಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ. ಆದ್ದರಿಂದ ಅಲ್ಲಿಗೆ ಓಡುವ ಮುಂಚೆ ವೆಬ್‌ಸೈಟ್ ನೋಡಿ. ಜರ್ಮನಿಯ ಕಾನ್ಸುಲೇಟ್ ಇಲ್ಲೇ ಬೆಂಗಳೂರಿನಲ್ಲಿದೆ.

ಇ-ಮೇಲ್ ಚಿಕ್ಕದಾಗಿರಲಿ. ಪೂರ್ತಿ ಹೆಸರು, ಹುಟ್ಟಿದ ದಿನ ಮತ್ತು ಊರು, ಪಾಸ್‌ಪೋರ್ಟ್ ನಂಬರ್, ವೀಸಾದ ಬಗೆ, ಕಳೆದದ್ದೋ ಕಳುವಾದದ್ದೋ, ಎಲ್ಲಿ, ಯಾವಾಗ ಅಂತ ಬರೆಯಿರಿ. ಪೊಲೀಸ್ ವರದಿ ಮತ್ತು ವೀಸಾ ಹಾಳೆಯ ಪ್ರತಿ ಲಗತ್ತಿಸಿ. ಕಥೆ ಬೇಡ, ಕ್ಷಮೆಯೂ ಬೇಡ. ಬಂದ ಉತ್ತರವನ್ನು, ಅದು ಯಂತ್ರದ ಉತ್ತರವೇ ಆಗಿರಲಿ, ಪ್ರಿಂಟ್ ತೆಗೆದು ಇಡಿ.

ಹೊಸ ಪಾಸ್‌ಪೋರ್ಟ್

ಅಮ್ಮನ ಹಾಗೆ ರದ್ದಾದ ಹಳೆ ಪುಸ್ತಕ ಮಾತ್ರ ಹೋಗಿದ್ದರೆ ಈ ಹೆಜ್ಜೆ ನಿಮಗಿಲ್ಲ. ಕೈಯಲ್ಲಿರುವ ಪಾಸ್‌ಪೋರ್ಟ್ ಗಟ್ಟಿಯಾಗಿಯೇ ಇದೆ, ವೀಸಾಗೆ ಮಾತ್ರ ಹೊಸದಾಗಿ ಅರ್ಜಿ ಹಾಕಬೇಕು.

ಚಾಲ್ತಿಯಲ್ಲಿದ್ದ ಪುಸ್ತಕ ಹೋಗಿದ್ದರೆ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ‘ರೀ-ಇಶ್ಯೂ’ ಆರಿಸಿ, ಕಾರಣದಲ್ಲಿ ಕಳೆದುಹೋಗಿದೆ ಅನ್ನುವುದನ್ನು ಗುರುತು ಮಾಡಿ. ಹೊಸ ಪಾಸ್‌ಪೋರ್ಟ್ ಅಂತ ಅರ್ಜಿ ಹಾಕಬೇಡಿ, ಅದು ತಪ್ಪು ಮಾಹಿತಿ ಆಗುತ್ತದೆ. 36 ಪುಟದ ಪುಸ್ತಕಕ್ಕೆ ಮಾಮೂಲಿ ರೀ-ಇಶ್ಯೂಗೆ 1,500 ರೂಪಾಯಿ ಇದ್ದರೆ, ಕಳೆದದ್ದರ ಬದಲಿಗೆ 3,000. 60 ಪುಟದ್ದಕ್ಕೆ 3,500. ತತ್ಕಾಲ್ ಆದರೆ ಇದರ ಮೇಲೆ 2,000. ಆಗಾಗ ಹೊರದೇಶಕ್ಕೆ ಹೋಗುವವರು 60 ಪುಟದ್ದನ್ನೇ ತೆಗೆದುಕೊಳ್ಳುವುದು ಒಳ್ಳೆಯದು. 500 ರೂಪಾಯಿಗೆ ಎಷ್ಟೋ ವರ್ಷ ಪುಟ ಮುಗಿಯುವ ಚಿಂತೆ ಇರುವುದಿಲ್ಲ.

ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆ ಮತ್ತು ಮಾರತ್‌ಹಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಪ್ರಾದೇಶಿಕ ಕಚೇರಿ ಕೋರಮಂಗಲದ 80 ಅಡಿ ರಸ್ತೆಯಲ್ಲಿದೆ. ಅರ್ಜಿ ಕೊಡಲು ಸೇವಾ ಕೇಂದ್ರಕ್ಕೆ ಹೋಗಬೇಕು. ಫೈಲ್ ಎಲ್ಲೋ ನಿಂತುಬಿಟ್ಟಿದೆ ಅನಿಸಿದಾಗ ಮಾತ್ರ ಕೋರಮಂಗಲ. ಏನಾದರೂ ಕೇಳಬೇಕಿದ್ದರೆ ಸಹಾಯವಾಣಿ 1800-258-1800.

ತೆಗೆದುಕೊಂಡು ಹೋಗಬೇಕಾದದ್ದು: ಪೊಲೀಸ್ ವರದಿಯ ಮೂಲ ಪ್ರತಿ, ವಿಳಾಸದ ದಾಖಲೆ, ಹುಟ್ಟಿದ ದಿನಾಂಕದ ದಾಖಲೆ, ಮತ್ತು ಪಾಸ್‌ಪೋರ್ಟ್ ಎಲ್ಲಿ ಹೇಗೆ ಕಳೆಯಿತು ಅಂತ ಬರೆಯುವ ಘೋಷಣೆ ಪತ್ರ, ಅಂದರೆ ಅನೆಕ್ಷರ್ ಎಫ್. ಹಳೆ ಪಾಸ್‌ಪೋರ್ಟಿನ ಮೊದಲ ಎರಡು, ಕೊನೆಯ ಎರಡು ಪುಟಗಳ ಜೆರಾಕ್ಸ್ ಇದ್ದರೆ ಸಹಿ ಹಾಕಿ ಜೊತೆಗಿಡಿ. ಕೊನೆಯ ಪುಟದಲ್ಲಿ ಫೈಲ್ ನಂಬರ್ ಇರುತ್ತದೆ, ಅದರಿಂದ ನಿಮ್ಮ ಹಳೆ ದಾಖಲೆ ಬೇಗ ಸಿಗುತ್ತದೆ.

ಅನೆಕ್ಷರ್‌ಗೆ ಸ್ಟ್ಯಾಂಪ್ ಪೇಪರ್ ಬೇಕು, ನೋಟರಿ ಬೇಕು ಅಂತ ಕೆಲವರು ಹೇಳುತ್ತಾರೆ. ಅನೆಕ್ಷರ್‌ಗಳೆಲ್ಲ ಬಿಳಿ ಹಾಳೆಯ ಮೇಲೆ ಸ್ವಂತ ಘೋಷಣೆ ಆಗಿದ್ದರೆ ಸಾಕು, ನೋಟರಿ ಬೇಡ ಅಂತ ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಕೋರ್ಟ್ ಮುಂದಿನ ಟೈಪಿಸ್ಟ್ ಹತ್ತಿರ ಕೂರುವ ಮುಂಚೆ ಇದು ನೆನಪಿರಲಿ.

ಅನೆಕ್ಷರ್‌ನಲ್ಲಿ ಬರೆಯುವ ಮಾತು ಪೊಲೀಸ್ ವರದಿಯ ಮಾತಿಗೆ ಹೊಂದಬೇಕು. ಅಲ್ಲಿ ಆಟೊದಲ್ಲಿ ಅಂತ ಬರೆದು ಇಲ್ಲಿ ಮನೆಯಲ್ಲಿ ಅಂತ ಬರೆದರೆ ಕೌಂಟರಿನಲ್ಲಿ ಖಂಡಿತ ಪ್ರಶ್ನೆ ಬರುತ್ತದೆ. ಎಲ್ಲಿ ಕಳೆಯಿತು ಅಂತ ನಿಜಕ್ಕೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಎರಡೂ ಕಡೆ ಬರೆಯಿರಿ. ಕೊನೆಯ ಸಲ ನೋಡಿದ ದಿನ ಹಾಕಿ. ಪಾಸ್‌ಪೋರ್ಟ್ ಕಾಯ್ದೆ 1967ರ ಪ್ರಕಾರ ಪುಸ್ತಕ ಯಾವಾಗಲೂ ಕೇಂದ್ರ ಸರ್ಕಾರದ ಆಸ್ತಿ, ನಮ್ಮ ಕೈಗೆ ಕೊಟ್ಟಿದ್ದಾರೆ ಅಷ್ಟೇ. ಹೇಗೆ ಹೋಯಿತು ಅಂತ ಅವರು ಕೇಳುವುದು ಸಹಜ.

ಮತ್ತೆ ವೀಸಾ

ಸ್ಟಿಕ್ಕರ್ ವೀಸಾಗೆ ಡೂಪ್ಲಿಕೇಟ್ ಅಂತ ಇಲ್ಲ. ಅಮೆರಿಕಕ್ಕಾದರೆ ಡಿಎಸ್-160 ಅನ್ನುವ ವೀಸಾ ಅರ್ಜಿ ಮತ್ತೆ ತುಂಬಬೇಕು, ಶುಲ್ಕ ಮತ್ತೆ ಕಟ್ಟಬೇಕು. ಪ್ರವಾಸಿ ವೀಸಾ ಅರ್ಜಿಯ ಶುಲ್ಕ 2023ರ ಜೂನ್‌ನಿಂದ 185 ಡಾಲರ್. ಷೆಂಗೆನ್ ವೀಸಾಗೆ ದೊಡ್ಡವರಿಗೆ 2024ರ ಜೂನ್‌ನಿಂದ 90 ಯೂರೊ.

ಡಿಎಸ್-160ರಲ್ಲಿ ಎರಡು ಪ್ರಶ್ನೆ ಇವೆ: ನಿಮ್ಮ ಪಾಸ್‌ಪೋರ್ಟ್ ಯಾವತ್ತಾದರೂ ಕಳೆದಿದೆಯಾ? ನಿಮ್ಮ ಅಮೆರಿಕ ವೀಸಾ ಯಾವತ್ತಾದರೂ ಕಳೆದಿದೆಯಾ? ಎರಡಕ್ಕೂ ನಿಜ ಹೇಳಿ. “ಹೌದು ಅಂದ್ರೆ ರಿಜೆಕ್ಟ್ ಮಾಡ್ತಾರೆ” ಅಂತ ಹೆದರಿಸುವವರು ಇರುತ್ತಾರೆ. ಕಳೆಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ನೀವೇ ಇ-ಮೇಲ್‌ನಲ್ಲಿ ತಿಳಿಸಿದ್ದು ಅವರ ಹತ್ತಿರ ಇದ್ದೇ ಇರುತ್ತದೆ, ಅಲ್ವಾ? ವಿವರಣೆಗೆ ಎರಡು ಸಾಲು ಸಾಕು. ಯಾವ ದಿನ, ಎಲ್ಲಿ, ಯಾವ ಠಾಣೆಯಲ್ಲಿ ದೂರು, ದೂರಿನ ನಂಬರ್. ಇಂಟರ್‌ವ್ಯೂಗೆ ಹೋಗುವಾಗ ಹಳೆ ವೀಸಾದ ಜೆರಾಕ್ಸ್, ಪೊಲೀಸ್ ವರದಿ ಎರಡೂ ಮೇಲೆಯೇ ಇರಲಿ.

ಟಿಕೆಟ್ ಬಗ್ಗೆ ಒಂದು ಮಾತು. ವೀಸಾ ಕೈಗೆ ಬರುವವರೆಗೆ ಹೊಸ ಟಿಕೆಟ್ ತೆಗೆಯಬೇಡಿ. ಹಳೆ ಟಿಕೆಟಿನ ದಿನಾಂಕ ಮುಂದೂಡಲು ಆಗುತ್ತದಾ ಅಂತ ಮೊದಲ ವಾರದಲ್ಲೇ ಕೇಳಿ, ಕೊನೆ ದಿನದವರೆಗೆ ಕಾಯಬೇಡಿ. ನಾವು ಆಸೆಯಿಂದ ಕಾದೆವು. ಹೊರಡುವ ಹಿಂದಿನ ದಿನ ಕ್ಯಾನ್ಸಲ್ ಮಾಡಿದಾಗ ಸಿಕ್ಕಿದ್ದು ಬಹಳ ಕಡಿಮೆ.

ಹೊರದೇಶದಲ್ಲಿ ಕಳೆದರೆ

ಅಲ್ಲಿಯ ಪೊಲೀಸರಲ್ಲಿ ವರದಿ, ಆಮೇಲೆ ಹತ್ತಿರದ ಭಾರತೀಯ ದೂತಾವಾಸ ಅಥವಾ ಕಾನ್ಸುಲೇಟ್. ಎರಡು ದಾರಿ ಇವೆ. ಅಲ್ಲೇ ಉಳಿಯುವವರು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ತಕ್ಷಣ ಊರಿಗೆ ಮರಳಬೇಕಾದವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಹುದು. ಅದು ಭಾರತಕ್ಕೆ ಒಂದೇ ಬಾರಿ ಬರಲು ಕೊಡುವ ಕಾಗದ, ಅದನ್ನು ಹಿಡಿದು ಬೇರೆ ದೇಶಕ್ಕೆ ಹೋಗಲು ಆಗುವುದಿಲ್ಲ.

ಅಮೆರಿಕದಲ್ಲಿ ಕಳೆದುಕೊಂಡವರು ಒಂದು ವಿಷಯ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ವೀಸಾ ಅನ್ನುವುದು ಬಾಗಿಲವರೆಗೆ ಹೋಗಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94 ದಾಖಲೆ. ವೀಸಾ ಸ್ಟಿಕ್ಕರ್ ಕಳೆದ ಮಾತ್ರಕ್ಕೆ ನೀವು ಅಲ್ಲಿ ಇರುವುದು ಅಕ್ರಮ ಆಗುವುದಿಲ್ಲ. ಐ-94 ಅನ್ನು ಅವರ ಗಡಿ ಇಲಾಖೆಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. ಅದಕ್ಕೆ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಬೇಕು. ಆದರೆ ಹೊಸ ವೀಸಾ ಸ್ಟಿಕ್ಕರ್ ಅಮೆರಿಕದೊಳಗೆ ಮಾಡಿಸಲು ಆಗುವುದಿಲ್ಲ. ಹೊರಗೆ ಬಂದು ಕಾನ್ಸುಲೇಟಿನಲ್ಲಿ ಅರ್ಜಿ ಹಾಕಿಯೇ ಮತ್ತೆ ಹೋಗಬೇಕು. ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರು ಮದುವೆ, ಹಬ್ಬ ಅಂತ ಎರಡು ವಾರಕ್ಕೆ ಬೆಂಗಳೂರಿಗೆ ಬರುವ ಮುಂಚೆ ಇದನ್ನು ನೂರು ಸಲ ಯೋಚಿಸಿ. ಕೆಲಸದ ಕಡೆ ಮೊದಲೇ ಮಾತಾಡಿ, ಎಚ್-1ಬಿ ಮಂಜೂರಾದ ಪತ್ರ ಐ-797ರ ಪ್ರತಿಗಳನ್ನು ಜೊತೆಗೆ ತನ್ನಿ.

ವಯಸ್ಸಾದ ಅಪ್ಪ ಅಮ್ಮ ಒಬ್ಬರೇ ಹೋಗುವಾಗ ಕೈಚೀಲದಲ್ಲಿ ಪಾಸ್‌ಪೋರ್ಟ್, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅದರ ಜೆರಾಕ್ಸ್ ಹಾಕಿ ಕಳಿಸಿ. ಎರಡೂ ಒಂದೇ ಚೀಲದಲ್ಲಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ.

ನಮ್ಮೂರಿಗೆ ಬಂದವರದು ಕಳೆದರೆ

ಆಫೀಸಿಗೆ ಬಂದ ವಿದೇಶಿ ಸಹೋದ್ಯೋಗಿಯೋ, ಮನೆಗೆ ಬಂದ ಅತಿಥಿಯೋ ಬೆಂಗಳೂರಿನಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡರೆ ಜೊತೆಗೆ ಠಾಣೆಗೆ ಹೋಗಿ. ಭಾಷೆ ಬಾರದ ಊರಿನಲ್ಲಿ ದೂರು ಕೊಡುವುದು ಎಷ್ಟು ಕಷ್ಟ ಅಂತ ನಮ್ಮವರು ಅಲ್ಲಿ ಕಳೆದುಕೊಂಡಾಗ ಗೊತ್ತಾಗುತ್ತದೆ. ದೂರು ಆದ ಮೇಲೆ ಅವರ ದೇಶದ ದೂತಾವಾಸದಿಂದ ಹೊಸ ಪಾಸ್‌ಪೋರ್ಟ್ ಅಥವಾ ತುರ್ತು ದಾಖಲೆ ಬರಬೇಕು. ಆಮೇಲೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಭಾರತದ ವೀಸಾವನ್ನು ಹೊಸ ಪಾಸ್‌ಪೋರ್ಟಿಗೆ ವರ್ಗಾಯಿಸಲು, ಇಲ್ಲವೇ ಹೊರಡಲು ಅನುಮತಿ ಕೇಳಿ ಅರ್ಜಿ ಹಾಕಬೇಕು. ಆ ಅನುಮತಿ ಇಲ್ಲದೆ ಹೊಸ ಪುಸ್ತಕ ಹಿಡಿದು ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋದರೆ ಇಮಿಗ್ರೇಷನ್‌ನಲ್ಲಿ ನಿಲ್ಲಿಸುತ್ತಾರೆ. ಬೆಂಗಳೂರಿನ ಎಫ್‌ಆರ್‌ಆರ್‌ಒ ಕಚೇರಿ ಶಾಂತಿನಗರ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ.

ಇವತ್ತೇ ಮಾಡಿಡಬಹುದಾದದ್ದು

ಪಾಸ್‌ಪೋರ್ಟ್ ಬೀರುವಿನಲ್ಲಿ ಭದ್ರವಾಗಿ ಇದೆಯಾ? ಹಾಗಾದರೆ ಇವತ್ತು ಸಂಜೆ ತೆಗೆದು ನಾಲ್ಕು ಫೋಟೊ ಹೊಡೆಯಿರಿ. ಮೊದಲ ಪುಟ, ಕೊನೆಯ ಪುಟ, ಚಾಲ್ತಿಯಲ್ಲಿರುವ ವೀಸಾ, ಕೊನೆಯ ಎಂಟ್ರಿ ಸ್ಟ್ಯಾಂಪ್. ನೆರಳು ಬೀಳದ ಹಾಗೆ ಕಿಟಕಿ ಹತ್ತಿರ ಇಟ್ಟು ಹೊಡೆಯಿರಿ. ವೀಸಾದ ನಾಲ್ಕೂ ಮೂಲೆ ಕಾಣಬೇಕು. ಅಮ್ಮನ ವೀಸಾದ್ದು ನನ್ನ ಹತ್ತಿರ ಇದ್ದ ಫೋಟೊದಲ್ಲಿ ಕೆಂಪು ನಂಬರಿನ ಮೇಲೆ ನನ್ನದೇ ಹೆಬ್ಬೆರಳು ಇತ್ತು. ಕೊನೆಗೆ ನಂಬರ್ ಸಿಕ್ಕಿದ್ದು ಬೇರೆ ಕಡೆ: ಆ ಸಂಜೆ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದಿದ್ದ ಜೆರಾಕ್ಸಿನಲ್ಲೇ. ಫೋಟೊಗಳನ್ನು ನಿಮಗೆ ನೀವೇ ಇ-ಮೇಲ್ ಮಾಡಿಕೊಳ್ಳಿ, ಮನೆಯ ಇನ್ನೊಬ್ಬರಿಗೂ ಕಳಿಸಿ. ಫ್ಯಾಮಿಲಿ ಗ್ರೂಪಿಗೆ ಮಾತ್ರ ಹಾಕಬೇಡಿ. ಅದರಲ್ಲಿರುವುದು ನಿಮ್ಮ ಪೂರ್ತಿ ಗುರುತು.

ವೀಸಾ ಹಳೆ ಪುಸ್ತಕದಲ್ಲಿ, ಚಾಲ್ತಿ ಇನ್ನೊಂದರಲ್ಲಿ ಇರುವವರು ಎರಡನ್ನೂ ಒಟ್ಟಿಗೆ ಅಂಗಡಿಗೆ ತೆಗೆದುಕೊಂಡು ಹೋಗಬೇಡಿ. ಹೋಗಲೇಬೇಕಾದರೆ ಒಂದು ಮುಗಿಸಿ, ಚೀಲಕ್ಕೆ ಹಾಕಿ, ಜಿಪ್ ಎಳೆದು, ಆಮೇಲೆ ಇನ್ನೊಂದನ್ನು ಹೊರಗೆ ತೆಗೆಯಿರಿ.

ಅಮ್ಮನಿಗೆ ಹೊಸ ವೀಸಾ ಬಂದಾಗ ಮಗುವಿಗೆ ಏಳು ತಿಂಗಳು ತುಂಬಿತ್ತು. ಎಣ್ಣೆ ಸ್ನಾನ, ಮೆಂತ್ಯದ ಲಡ್ಡು, ಸಾಂಬ್ರಾಣಿ ಹೊಗೆ ಎಲ್ಲವನ್ನೂ ಅಮ್ಮ ವಿಡಿಯೊ ಕಾಲ್‌ನಲ್ಲೇ ಹೇಳಿಕೊಟ್ಟಿದ್ದರು. ಪಾಸ್‌ಪೋರ್ಟ್ ಕೊರಿಯರ್‌ನಲ್ಲಿ ಬಂದ ದಿನ ಕವರ್ ಹರಿದು, ಕನ್ನಡಕ ಹಾಕಿಕೊಂಡು, ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಮೂರನ್ನೂ ಅವರೇ ಬೆರಳಿಟ್ಟು ನೋಡಿದರು. ನೀವೂ ಅವತ್ತೇ ನೋಡಿ. ತಪ್ಪಿದ್ದರೆ ಹೊರಡುವ ಮುಂಚೆ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ. ಆಮೇಲೆ ಅವರು ಹಳೆ ರೇಷ್ಮೆ ಬ್ಲೌಸ್ ಪೀಸಿನಲ್ಲಿ ಎರಡು ಜೇಬಿನ ಒಂದು ಚೀಲ ಹೊಲಿದರು. ಒಂದೊಂದು ಜೇಬಿನಲ್ಲಿ ಒಂದೊಂದು ಪುಸ್ತಕ. ಮಧ್ಯೆ ಇರುವ ಚೀಟಿಯಲ್ಲಿ ಎರಡರ ನಂಬರೂ ಅವರ ದುಂಡು ಅಕ್ಷರದಲ್ಲಿದೆ.